ಮೊದಲು ಚಿತ್ರ ಎಣಿಸಿ, ಆಮೇಲೆ ಬೆಲೆ ಕೇಳಿ

ಪ್ರಶ್ನೆ: ನಾನು ಶಿವಮೊಗ್ಗದವನು, ಭೂಗೋಳದ ಮೇಷ್ಟ್ರಾಗಿದ್ದು ಈಗ ನಿವೃತ್ತ. ಫ್ರೆಂಚ್ ನಾವಿಕ ಲಾ ಪೆರೂಸ್‌ನ ಸಮುದ್ರಯಾನದ ಕಥೆ ನನಗೆ ಮೊದಲಿಂದಲೂ ಇಷ್ಟ. ಆ ಯಾನದ ಬಗ್ಗೆ 1797ರಲ್ಲಿ ಬಂದ ಪುಸ್ತಕದ ನಾಲ್ಕು ಸಂಪುಟ ಪ್ಯಾರಿಸ್‌ನ ವ್ಯಾಪಾರಿಯೊಬ್ಬರ ಬಳಿ ಇವೆ. ಬೆಲೆ ಕೈಗೆಟುಕುವಂತಿದೆ. ಆದರೆ ‘ಅಟ್ಲಾಸ್ ಇಲ್ಲ’ ಎಂದು ಬರೆದಿದ್ದಾರೆ, ಅಂದರೆ ನಕ್ಷೆ-ಚಿತ್ರಗಳ ಬೇರೆ ಸಂಪುಟ ಜೊತೆಗಿಲ್ಲ. ಕೊಳ್ಳಬಹುದಾ? ಅಟ್ಲಾಸ್ ಆಮೇಲೆ ಹುಡುಕಿಕೊಂಡರಾಯ್ತು, ಅಲ್ವಾ?

ಉತ್ತರ: ಮೇಷ್ಟ್ರೇ, ಓದುವುದಕ್ಕೆ ಅಂತಾದರೆ ಖಂಡಿತ ಕೊಳ್ಳಿ. ಸಂಗ್ರಹ ಶುರು ಮಾಡುವುದಕ್ಕೆ ಅಂತಾದರೆ ಬೇಡ. ಬೆಲೆ ಕೈಗೆಟುಕುವಂತಿರುವುದೇ ಅಟ್ಲಾಸ್ ಇಲ್ಲದ್ದರಿಂದ.

ಈ ಪುಸ್ತಕದ ಜೀವ ಇರುವುದು ಅಟ್ಲಾಸಿನಲ್ಲಿ. ಲಾ ಪೆರೂಸ್ 1785ರ ಆಗಸ್ಟ್‌ನಲ್ಲಿ ಬ್ರೆಸ್ಟ್ ಬಂದರಿನಿಂದ ಬುಸೋಲ್, ಆಸ್ಟ್ರೊಲಾಬ್ ಎಂಬ ಎರಡು ಹಡಗು ತೆಗೆದುಕೊಂಡು ಹೊರಟ. 1788ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಬಾಟನಿ ಬೇ ಬಿಟ್ಟ ಮೇಲೆ ಆ ಹಡಗುಗಳು ಯುರೋಪಿನವರ ಕಣ್ಣಿಗೆ ಮತ್ತೆ ಬೀಳಲೇ ಇಲ್ಲ. ಪೆಸಿಫಿಕ್ ಸಾಗರದ ವನಿಕೊರೊ ದ್ವೀಪದ ಬಳಿ ಒಡೆದಿದ್ದವು ಅಂತ ಗೊತ್ತಾಗಲು ಸುಮಾರು 40 ವರ್ಷ ಬೇಕಾಯಿತು. ಜನ ಹೋದರು, ಹಡಗು ಹೋದವು. ಹಾಗಾದರೆ ದಿನಚರಿ, ನಕ್ಷೆ, ಚಿತ್ರಗಳು ಹೇಗೆ ಉಳಿದವು? ಲೆಸೆಪ್ಸ್ ಎಂಬ ಯುವಕ 1787ರಲ್ಲಿ ರಷ್ಯಾದ ಪೂರ್ವ ತುದಿಯ ಕಮ್ಚಾಟ್ಕಾದಲ್ಲಿ ಹಡಗಿನಿಂದಿಳಿದು, ಕಾಗದಗಳ ಗಂಟು ಹೊತ್ತು, ಸೈಬೀರಿಯಾ ದಾಟಿ ಮುಂದಿನ ವರ್ಷ ಫ್ರಾನ್ಸ್ ಸೇರಿದ. ಆಮೇಲಿನ ಕೆಲವು ಕಾಗದಗಳು ಬಾಟನಿ ಬೇಯಿಂದ ಇಂಗ್ಲಿಷರ ಹಡಗಿನಲ್ಲಿ ಬಂದವು. ಅಟ್ಲಾಸಿನ ಹಾಳೆ ತಿರುವುವಾಗ ನನಗೆ ಪ್ರತಿ ಸಲವೂ ಆ ಹಿಮದ ದಾರಿ ನೆನಪಾಗುತ್ತದೆ.

ಚಿತ್ರಕಾರ ದ್ಯೂಶೆ ದ ವಾನ್ಸಿ ಕೂಡ ಹಡಗಿನ ಜೊತೆಗೇ ಹೋದ. ಅವನು ಬರೆದ ಈಸ್ಟರ್ ದ್ವೀಪದ ಚಿತ್ರ ಈ ಅಟ್ಲಾಸಿನಲ್ಲಿದೆ. ಆ ದೊಡ್ಡ ಕಲ್ಲಿನ ಪ್ರತಿಮೆಗಳನ್ನು ಫ್ರೆಂಚರು ಅಳೆಯುತ್ತಿದ್ದಾರೆ, ಸುತ್ತ ದ್ವೀಪದ ಜನ ಇದ್ದಾರೆ. ಅಲಾಸ್ಕಾದ ಕೊಲ್ಲಿಯೊಂದರಲ್ಲಿ 1786ರ ಜುಲೈನಲ್ಲಿ ದೋಣಿಗಳು ಮಗುಚಿ 21 ಜನ ಸತ್ತ ಘಟನೆಯ ಚಿತ್ರವೂ ಇದೆ. ನಾಲ್ಕು ಸಂಪುಟದ ಮಾತು ಈ ಹಾಳೆಗಳಿಲ್ಲದೆ ಅರ್ಧ ಮಾತು.

ಇವು ಬೇರೆಯಾಗಿದ್ದು ಹೇಗೆ ಅಂದರೆ, ಮೊದಲಿಂದಲೂ ಅಳತೆ ಬೇರೆ. ಬರಹದ ಸಂಪುಟಗಳು ಶೆಲ್ಫಿನಲ್ಲಿ ನಿಲ್ಲುತ್ತವೆ. ಅಟ್ಲಾಸ್ ತುಂಬಾ ದೊಡ್ಡದು, ಮಲಗಿಸಿಯೇ ಇಡಬೇಕು. ಒಂದೇ ಮನೆಯಲ್ಲಿ ಎರಡು ಕಡೆ ಇದ್ದವು, ಆಸ್ತಿ ಪಾಲಾದಾಗ ಎರಡು ಮನೆಗೆ ಹೋದವು. ಇನ್ನೊಂದು ಕಾರಣ ಹೇಳಲು ನನಗೆ ಸಂಕಟವಾಗುತ್ತದೆ. ಇಡೀ ಅಟ್ಲಾಸ್ ಮಾರುವುದಕ್ಕಿಂತ ಒಂದೊಂದೇ ಹಾಳೆ ಕಿತ್ತು ಮಾರಿದರೆ ಜಾಸ್ತಿ ದುಡ್ಡು ಬರುತ್ತದೆ ಅಂತ ಪುಸ್ತಕ ಒಡೆಯುವವರಿದ್ದಾರೆ. 200 ವರ್ಷ ಬಾಳಿದ ಪುಸ್ತಕ ಒಂದು ಮಧ್ಯಾಹ್ನದಲ್ಲಿ ಇಲ್ಲವಾಗುತ್ತದೆ.

ಹಾಗಾಗಿ ಎಣಿಸಿ. ಈ ಅಟ್ಲಾಸಿನಲ್ಲಿ ಅಲಂಕಾರದ ಮುಖಪುಟ ಬಿಟ್ಟು 69 ನಕ್ಷೆ ಮತ್ತು ಚಿತ್ರ ಇರಬೇಕು. ಪ್ರತಿಯೊಂದಕ್ಕೂ ಸಂಖ್ಯೆ ಇದೆ, ಒಂದೊಂದರ ಫೋಟೋ ಕೇಳಿ. ಮೊದಲ ಸಂಪುಟದಲ್ಲಿ ಲಾ ಪೆರೂಸ್‌ನ ಭಾವಚಿತ್ರ ಇದೆಯಾ ನೋಡಿ, ಚೌಕಟ್ಟು ಹಾಕಿಸುವ ಆಸೆಗೆ ಕೀಳುವುದು ಅದನ್ನೇ. ಮುಖಪುಟದಲ್ಲಿ ‘ಐದನೇ ವರ್ಷ’ ಎಂದಿದ್ದರೆ ಗಾಬರಿಯಾಗಬೇಡಿ. ಅದು ಕ್ರಾಂತಿಯ ಕಾಲದ ಫ್ರೆಂಚ್ ಪಂಚಾಂಗ, ಲೆಕ್ಕ 1792ರಿಂದ ಶುರು. ಇನ್ನು, ಈ ಅಟ್ಲಾಸಿನ ಚಿತ್ರಗಳು ಸಾಮಾನ್ಯವಾಗಿ ಕಪ್ಪು-ಬಿಳುಪಿನಲ್ಲೇ ಬಂದವು. ಬಣ್ಣ ತುಂಬಿದ ಹಾಳೆಯನ್ನು ‘ಅಪರೂಪದ್ದು’ ಅಂತ ಯಾರಾದರೂ ತೋರಿಸಿದರೆ, ಬಣ್ಣ ಯಾವಾಗ ಹಚ್ಚಿದ್ದು ಅಂತ ಕೇಳಿ.

ಬೇರೆಲ್ಲಿಂದಲೋ ಅಟ್ಲಾಸ್ ತಂದು ಜೊತೆ ಮಾಡಬಹುದು, ಅದು ತಪ್ಪಲ್ಲ. ಆದರೆ ಬಿಡಿ ಅಟ್ಲಾಸ್ ಪೂರ್ತಿಯಾಗಿ ಸಿಗುವುದು ಕಷ್ಟ. ಸಿಕ್ಕಾಗ ಅದರ ಬೆಲೆಯ ಮುಂದೆ ಸಂಪುಟಗಳ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಅಟ್ಲಾಸ್ ಮೊದಲು, ಸಂಪುಟ ಆಮೇಲೆ. ಅಲ್ಲಿಯವರೆಗೆ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ಜಾಲತಾಣದಲ್ಲಿ ಇಂಥ ಯಾನಗಳ ಪುಸ್ತಕಗಳನ್ನು ಉಚಿತವಾಗಿ ನೋಡುತ್ತಾ ಕಣ್ಣು ಪಳಗಿಸಿಕೊಳ್ಳಿ. ಆಸ್ಟ್ರೇಲಿಯಾ ಕಡೆ ಹೋದ ಫ್ರೆಂಚ್ ನಾವಿಕ ಬೊದ್ಯಾಂನ ಯಾನದ 1807ರ ಅಟ್ಲಾಸನ್ನೂ ನೋಡಿ. ಅದರಲ್ಲಿ ಲ್ಯೂಸ್ಯೂರ್ ಬರೆದ ಕುಳ್ಳ ಎಮು ಹಕ್ಕಿಗಳಿವೆ. ಆಸ್ಟ್ರೇಲಿಯಾ ಬಳಿಯ ದ್ವೀಪಗಳಲ್ಲಿದ್ದ ಆ ಕುಳ್ಳ ಎಮುಗಳು ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ. ಹಾಳೆಯಲ್ಲಿ ಮಾತ್ರ ನಿಂತಿವೆ. ಇನ್ನೊಬ್ಬ ಫ್ರೆಂಚ್ ನಾವಿಕ ಡ್ಯೂಮಾಂ ದ್ಯುರ್ವಿಲ್‌ನ 1830ರ ದಶಕದ ಪುಸ್ತಕಗಳಿಗೆ ಮಾತ್ರ ಸದ್ಯ ಕೈ ಹಾಕಬೇಡಿ. ಅವು ಕಂತು ಕಂತಾಗಿ ಬಂದವು, ಕೊಂಡವರು ತಮಗೆ ಬೇಕಾದ ಹಾಗೆ ಬೈಂಡ್ ಮಾಡಿಸಿಕೊಂಡರು. ಎಣಿಕೆ ಅನುಭವಸ್ಥರನ್ನೂ ದಿಕ್ಕು ತಪ್ಪಿಸುತ್ತದೆ.

ಪ್ರಶ್ನೆ: ಪಾಂಡಿಚೇರಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಕಾಡುಕೋಳಿ ಹುಂಜದ ಹಳೆ ಫ್ರೆಂಚ್ ಚಿತ್ರವೊಂದು ಸಿಕ್ಕಿತು. ಅಸಲಿಯಾ? ಮಡಿಕೇರಿಯ ಮಳೆಯಲ್ಲಿ ಉಳಿಯುತ್ತಾ? – ಓದುಗರು, ಮಡಿಕೇರಿ

ಉತ್ತರ: ನಿಮ್ಮ ತೋಟದ ಅಂಚಿನಲ್ಲಿ ಕೂಗುವ ಆ ಬೂದು ಕಾಡುಕೋಳಿಯ ವೈಜ್ಞಾನಿಕ ಹೆಸರು ಗ್ಯಾಲಸ್ ಸೊನೆರಾಟಿ. ಫ್ರೆಂಚ್ ಯಾತ್ರಿಕ ಪಿಯರ್ ಸೊನೆರಾನ ನೆನಪಿಗೆ ಇಟ್ಟ ಹೆಸರು. ಅವನು 1774ರಿಂದ 1781ರವರೆಗೆ ಭಾರತ, ಚೀನಾ ಕಡೆ ಓಡಾಡಿ, 1782ರಲ್ಲಿ ಎರಡು ಸಂಪುಟದ ಪುಸ್ತಕ ತಂದ. ಅದರಲ್ಲಿ 140 ಚಿತ್ರಗಳಿವೆ, ಕಾಡುಕೋಳಿಯೂ ಇದೆ. ನಿಮ್ಮದು ಅದರಿಂದ ಬಂದದ್ದಾಗಿರಬಹುದು.

ಹಾಳೆಯ ಅಂಚಿನ ಬಳಿ ಬೆರಳಾಡಿಸಿ. ತಾಮ್ರದ ತಗಡಿನಿಂದ ಒತ್ತಿದ ಚಿತ್ರದ ಸುತ್ತ ಸಣ್ಣ ತಗ್ಗು ಕೈಗೆ ತಾಗುತ್ತದೆ. ಅಂಚು ಕತ್ತರಿಸಿದ್ದರೆ ಅದು ಇರುವುದಿಲ್ಲ. ಆಮೇಲೆ ಭೂತಗನ್ನಡಿ ಹಿಡಿಯಿರಿ. ಕೆತ್ತಿದ ಗೆರೆಗಳು ಚೂಪಾಗಿ ಕಾಣಬೇಕು. ಪತ್ರಿಕೆಯ ಫೋಟೋದಲ್ಲಿರುವ ಹಾಗೆ ಸಾಲು ಸಾಲು ಚುಕ್ಕಿ ಕಂಡರೆ ಅದು ಇತ್ತೀಚಿನ ನಕಲು.

ಸೊನೆರಾ ಹೇಳಿದ್ದೆಲ್ಲ ನಿಜ ಅಂತ ಮಾತ್ರ ನಂಬಬೇಡಿ. ತಾನು ಕಾಲಿಡದ ನ್ಯೂಗಿನಿಯಲ್ಲಿ ಪೆಂಗ್ವಿನ್ ಇದೆ ಅಂತ 1776ರ ಪುಸ್ತಕದಲ್ಲಿ ಚಿತ್ರ ಹಾಕಿದವನು ಅವನು.

ಮಳೆಗಾಲಕ್ಕೆ: ಲ್ಯಾಮಿನೇಶನ್ ಮಾಡಿಸಲೇಬೇಡಿ. ಸೆಲ್ಲೋ ಟೇಪ್ ಹತ್ತಿರಕ್ಕೂ ಬೇಡ, ಅದರ ಕಂದು ಕಲೆ ಹೋಗುವುದಿಲ್ಲ. ಆಮ್ಲ ಇಲ್ಲದ ರಟ್ಟು, ಕಾಗದದ ನಡುವೆ ಮಲಗಿಸಿಡಿ. ಹೊರಗೋಡೆಗೆ ತಾಗಿದ ಬೀರು ಬೇಡ, ಥಂಡಿ ಅಲ್ಲಿಂದಲೇ ಬರುತ್ತದೆ. ಚೌಕಟ್ಟು ಹಾಕಿಸುವುದಾದರೆ ಗಾಜು ಚಿತ್ರಕ್ಕೆ ಅಂಟದಂತೆ ನಡುವೆ ಜಾಗ ಬಿಡಿಸಿ, ಬಿಸಿಲು ಬೀಳದ ಗೋಡೆ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೆಗೆದು, ಹಿಂಬದಿಯಲ್ಲಿ ಬೂಷ್ಟು ಬಂದಿದೆಯಾ ಅಂತ ನೋಡಿ.