ಆರ್ಮ್‌ಬಾರ್ ಕೊನೆಯ ಗಳಿಗೆಯಲ್ಲಿ ಕೈತಪ್ಪುವುದೇಕೆ? ಎಳೆಯುವ ಮುನ್ನ ಕೂರುವುದನ್ನು ತಿದ್ದಿಕೊಳ್ಳಿ

ಬ್ಲೂ ಬೆಲ್ಟ್ (ಬಿಳಿ ಬೆಲ್ಟ್‌ನ ನಂತರದ ಹಂತ) ಪಡೆದ ಮೇಲೂ ಮೌಂಟ್‌ನಿಂದ, ಅಂದರೆ ಎದುರಾಳಿಯ ಮೇಲೆ ಕುಳಿತು, ಹಾಕಿದ ಆರ್ಮ್‌ಬಾರ್‌ನಲ್ಲಿ (ತೋಳನ್ನು ಕಾಲುಗಳ ನಡುವೆ ಸಿಕ್ಕಿಸಿ ಮೊಣಕೈಯನ್ನು ಹಿಮ್ಮುಖವಾಗಿ ಒತ್ತುವ ಪಟ್ಟು) ಎದುರಾಳಿಯ ಮೊಣಕೈ ಕೊನೆಯಲ್ಲಿ ಜಾರಿಹೋಗುತ್ತದೆ, ಗಾರ್ಡ್‌ನಿಂದ, ಅಂದರೆ ಬೆನ್ನ ಮೇಲೆ ಮಲಗಿ ಎದುರಾಳಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ಹಾಕಿದರೆ ಅವರು ಮೇಲೇರಿ ನಿಮ್ಮನ್ನೇ ಮಡಚಿಬಿಡುತ್ತಾರೆ, ಇದಕ್ಕೆ ತೋಳ್ಬಲದ ಕೊರತೆ ಕಾರಣವೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲದ ಮೇಲೆ ಪಟ್ಟು ಹಾಕಿ ಸೋಲೊಪ್ಪಿಸುವ ಸಮರಕಲೆ) ಅಭ್ಯಾಸ ಮಾಡುವವನು, ಹೊಸಬರಿಗೆ ಆಗಾಗ ಹೇಳಿಕೊಡುವುದೂ ಉಂಟು. ನಾನು ಕಂಡ ಮಟ್ಟಿಗೆ ಬಲ ಸಾಲದೆ ಕೈತಪ್ಪಿದ ಆರ್ಮ್‌ಬಾರ್‌ಗಳು ವಿರಳ. ಹೆಚ್ಚಿನವು ಕೈತಪ್ಪುವುದು ಮೊಣಕೈಯ ಮೇಲೆ ಕಣ್ಣಿಟ್ಟು ಭುಜವನ್ನು ಮರೆತದ್ದರಿಂದ.

ಮೊಣಕೈ ಬಾಗಿಲ ಕೀಲಿನಂತೆ ಒಂದೇ ದಿಕ್ಕಿಗೆ ಮಡಚಿಕೊಳ್ಳುವ ಸಂಧಿ. ತೋಳು ಪೂರ್ತಿ ನೇರವಾದಾಗ ಮೊಣಕೈಯ ತುದಿಯ ಮೂಳೆಯು ರಟ್ಟೆಯ ಮೂಳೆಯಲ್ಲಿರುವ ಕುಳಿಯೊಳಗೆ ಕೂಡಿಕೊಳ್ಳುತ್ತದೆ, ಅದರಿಂದಾಚೆಗೆ ಹಾಕಿದ ಒತ್ತಡವನ್ನೆಲ್ಲ ಕೀಲಿನ ಮುಂಭಾಗದ ಪೊರೆಯೂ ಅಸ್ಥಿರಜ್ಜುಗಳೂ ಹೊರಬೇಕಾಗುತ್ತದೆ. ಆರ್ಮ್‌ಬಾರ್‌ನಲ್ಲಿ ಎದುರಾಳಿಯ ತೋಳೇ ಸನ್ನೆಕೋಲು, ನಿಮ್ಮ ಸೊಂಟವೇ ಅದರ ಆನಿಕೆ. ಈ ಆನಿಕೆ ಕೆಲಸ ಮಾಡಬೇಕಾದರೆ ಸನ್ನೆಕೋಲಿನ ಇನ್ನೊಂದು ತುದಿಯಾದ ಭುಜ ಅಲುಗದಂತಿರಬೇಕು. ಭುಜಕ್ಕೂ ನಿಮ್ಮ ಪೃಷ್ಠಕ್ಕೂ ನಡುವೆ ಒಂದು ಗೇಣು ಜಾಗ ಉಳಿದರೂ ಎದುರಾಳಿ ಆ ಜಾಗದೊಳಕ್ಕೆ ಭುಜವನ್ನು ತುರುಕಿ, ಮೊಣಕೈಯನ್ನು ನಿಮ್ಮ ಸೊಂಟದಿಂದ ತನ್ನ ಕಡೆಗೆ ಜಾರಿಸಿಕೊಳ್ಳುತ್ತಾನೆ. ಆಮೇಲೆ ಎಷ್ಟು ಎಳೆದರೂ ನೀವು ಎಳೆಯುತ್ತಿರುವುದು ಅವನ ಇಡೀ ದೇಹವನ್ನು.

ಆನಿಕೆಯ ಜಾಗ ಎಷ್ಟು ಮುಖ್ಯ ಎಂಬುದಕ್ಕೆ ಮಿಶ್ರ ಸಮರಕಲೆಯ ವೃತ್ತಿಪರ ಸ್ಪರ್ಧೆಯಾದ ಯುಎಫ್‌ಸಿಯ 2004ರ 48ನೇ ಕೂಟದಲ್ಲಿ ಫ್ರಾಂಕ್ ಮಿರ್ ಟಿಮ್ ಸಿಲ್ವಿಯಾಗೆ ಹಾಕಿದ ಆರ್ಮ್‌ಬಾರ್ ಒಳ್ಳೆಯ ಉದಾಹರಣೆ. ಅಲ್ಲಿ ಮುರಿದದ್ದು ಮೊಣಕೈಯ ಕೀಲಲ್ಲ, ಮೊಣಕೈಗಿಂತ ಕೆಳಗಿನ ಮೂಳೆ. ಸಿಲ್ವಿಯಾ ತನಗೇನೂ ಆಗಿಲ್ಲವೆಂದು ವಾದಿಸುತ್ತಿದ್ದರೂ ರೆಫರಿ ಹರ್ಬ್ ಡೀನ್ ಪಂದ್ಯ ನಿಲ್ಲಿಸಿದ್ದು ಸರಿಯೆಂದು ಆಮೇಲೆ ಎಲ್ಲರೂ ಒಪ್ಪಿದರು. ಅಭ್ಯಾಸದಲ್ಲಿ ನಮಗೆ ಬೇಕಾದದ್ದು ಅಂತಹ ಮುರಿತವಲ್ಲ, ಮೊಣಕೈಯ ತುದಿಗಿಂತ ತುಸು ಮೇಲೆ, ರಟ್ಟೆಯ ಹಿಂಬದಿಗೆ ಸೊಂಟ ತಾಗಿ, ಸಣ್ಣ ಒತ್ತಡಕ್ಕೇ ಎದುರಾಳಿ ಟ್ಯಾಪ್ ಮಾಡುವಂತಹ (ಕೈಯಿಂದ ತಟ್ಟಿ ಸೋಲೊಪ್ಪುವಂತಹ) ಸ್ಥಿತಿ.

ಹಾಗಾಗಿ ಮೌಂಟ್‌ನಲ್ಲಿರುವಾಗ ಹಿಂದಕ್ಕೆ ಬೀಳುವ ಅವಸರವನ್ನು ಬಿಡಿ. ಮೊದಲು ಎಸ್-ಮೌಂಟ್‌ಗೆ ಬನ್ನಿ, ಅಂದರೆ ಒಂದು ಮಂಡಿ ಎದುರಾಳಿಯ ತಲೆಯ ಬಳಿಗೂ ಇನ್ನೊಂದು ಕಾಲು ಮಡಚಿಕೊಂಡು ಅವನ ಕಂಕುಳ ಕೆಳಗೂ ಬರುವಂತೆ ಅವನ ಎದೆಯ ಮೇಲ್ಭಾಗಕ್ಕೆ ಏರಿ ಕುಳಿತುಕೊಳ್ಳಿ. ಹಿಡಿದ ತೋಳನ್ನು ನಿಮ್ಮ ಎದೆಗೆ ಅಪ್ಪಿಕೊಂಡು, ಮೈಭಾರವನ್ನು ಅವನ ಕಾಲುಗಳ ಕಡೆಗೆ ವಾಲಿಸಿದರೆ ತಲೆಯ ಬಳಿಯ ಕಾಲು ಹಗುರವಾಗುತ್ತದೆ, ಅದನ್ನು ಮುಖದ ಮೇಲಿಂದ ದಾಟಿಸುವುದಕ್ಕೆ ಯಾವ ಜಿಗಿತವೂ ಬೇಕಾಗುವುದಿಲ್ಲ. ಕಾಲು ದಾಟಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ಅವನ ಭುಜದ ಮೇಲೆಯೇ ಕೂತಿರಿ. ಮಂಡಿಗಳೆರಡೂ ಒಂದನ್ನೊಂದು ಒತ್ತಿ ರಟ್ಟೆಯನ್ನು ಇಕ್ಕಳ ಹಾಕಿರಬೇಕು, ಹಿಮ್ಮಡಿಗಳು ನೆಲದ ಕಡೆಗೆ ಎಳೆಯುತ್ತಿರಬೇಕು. ಹಿಂದಕ್ಕೆ ಒರಗುವಾಗಲೂ ಪೃಷ್ಠ ಭುಜದಿಂದ ಕದಲದೆ, ಬೆನ್ನು ಮಾತ್ರ ನಿಧಾನವಾಗಿ ನೆಲಕ್ಕೆ ಇಳಿಯಬೇಕು. ಪಾದಗಳನ್ನು ಒಂದರ ಮೇಲೊಂದು ಹೆಣೆದುಕೊಳ್ಳಬೇಕೇ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಮಂಡಿಗಳು ಸಡಿಲವಾಗದಿದ್ದರೆ ಹೇಗಾದರೂ ಸರಿ ಎಂಬುದು ನನ್ನ ಅಭಿಪ್ರಾಯ.

ಎದುರಾಳಿ ಎರಡೂ ಕೈಗಳನ್ನು ಬೆಸೆದುಕೊಂಡರೆ ನೇರವಾಗಿ ಹಿಂದಕ್ಕೆ ಎಳೆಯುವುದು ನಿಮ್ಮ ಶಕ್ತಿಯನ್ನು ಅವನಿಗೆ ದಾನ ಮಾಡಿದಂತೆಯೇ. ನಿಮ್ಮ ತೋಳನ್ನು ಅವನ ಮಣಿಕಟ್ಟಿಗೆ ಆದಷ್ಟು ಸಮೀಪ ತೂರಿಸಿ, ಅವನ ತಲೆಯ ದಿಕ್ಕಿಗೆ ಓರೆಯಾಗಿ ವಾಲಿ, ಎದೆಯ ಮೇಲಿರುವ ಕಾಲಿನಿಂದ ಅವನ ಇನ್ನೊಂದು ತೋಳಿನ ರಟ್ಟೆಯನ್ನು ತಳ್ಳಿ. ತೋಳು ನೇರವಾದ ಮೇಲೆ ಅವನ ಹೆಬ್ಬೆರಳು ಚಾವಣಿಯತ್ತ ಮುಖ ಮಾಡಿರಲಿ, ಎಳೆತ ಕಿರುಬೆರಳಿನ ಕಡೆಗೆ ಸಾಗಲಿ. ಹೆಬ್ಬೆರಳನ್ನು ನೆಲದ ಕಡೆಗೆ ತಿರುಗಿಸಿ, ಆ ದಿಕ್ಕಿನಲ್ಲೇ ಮೈಯನ್ನು ಉರುಳಿಸಿ ಪಾರಾಗುವವರು ಬಹಳ ಮಂದಿ. ಮುಖದ ಮೇಲಿನ ಕಾಲು ಭಾರವಾಗಿದ್ದು, ಮಣಿಕಟ್ಟಿನ ತಿರುವು ನಿಮ್ಮ ಹಿಡಿತದಲ್ಲಿದ್ದರೆ ಆ ಉರುಳುವಿಕೆ ಆರಂಭವಾಗುವುದೇ ಕಷ್ಟ.

ಗಾರ್ಡ್‌ನ ಸಮಸ್ಯೆ ಬೇರೆ. ಅಲ್ಲಿ ನೀವು ಎದುರಾಳಿಗೆ ನೇರವಾಗಿ ಮಲಗಿದ್ದೀರಿ ಎಂಬುದೇ ಅವನು ನಿಮ್ಮನ್ನು ಮಡಚಲು ಸಾಕಾದ ಕಾರಣ. ಮೈಸೂರು ಕಡೆಯ ಗರಡಿಯಲ್ಲಿ ಪಳಗಿ ಬಂದವರೊಡನೆ ಇದು ಇನ್ನೂ ಬೇಗ ಬಯಲಾಗುತ್ತದೆ, ಏಕೆಂದರೆ ಬೆನ್ನು ನೆಲಕ್ಕೆ ತಾಗಿದರೆ ಸೋಲು ಎಂಬ ಕುಸ್ತಿಯ ಸಂಸ್ಕಾರ ಅವರನ್ನು ತಕ್ಷಣ ಎದ್ದು ನಿಂತು ಎತ್ತುವಂತೆ ಮಾಡುತ್ತದೆ. ಒಂದು ಪಾದವನ್ನು ಅವರ ಸೊಂಟಕ್ಕೆ ಊರಿ, ನಿಮ್ಮ ಕಿವಿ ಅವರ ಮಂಡಿಯತ್ತ ಸಾಗುವಷ್ಟು ಅಡ್ಡಡ್ಡಕ್ಕೆ ತಿರುಗಿಕೊಂಡ ಮೇಲೆಯೇ ಕಾಲನ್ನು ಮುಖದ ಮೇಲೆ ದಾಟಿಸಿ. ಅವರ ಬೆನ್ನಿನ ಮೇಲಿರುವ ಕಾಲಿನ ಮೀನಖಂಡ ಕಂಕುಳ ಬಳಿ ಬಿಗಿಯಾಗಿ ಕೂತು ಮೈಯನ್ನು ಕೆಳಕ್ಕೆ ಒತ್ತುತ್ತಿರಬೇಕು. ಅಷ್ಟಾದರೂ ಅವರು ಮೇಲೇರಿ ಬಂದರೆ ಹಟ ಹಿಡಿಯಬೇಡಿ, ಇದರಿಂದ ನಿಮ್ಮ ಕುತ್ತಿಗೆಗೆ ಪೆಟ್ಟಾಗುತ್ತದೆ. ಹತ್ತಿರದ ಕಾಲಿನ ಒಳಗಿನಿಂದ ಕೈ ತೂರಿಸಿ ಅವರ ಕೆಳಗೇ ತಿರುಗಿಕೊಂಡರೆ ಒಂದೋ ಅವರು ಉರುಳುತ್ತಾರೆ, ಇಲ್ಲವೇ ನೀವು ಬೋರಲಾಗಿ ಅದೇ ತೋಳನ್ನು ಮುಗಿಸಬಹುದು.

ಯುಎಫ್‌ಸಿ ಹೋರಾಟಗಾರ್ತಿ ರೋಂಡಾ ರೌಸಿ 2015ರಲ್ಲಿ ಕ್ಯಾಟ್ ಝಿಂಗಾನೋ ಅವರನ್ನು 14 ಸೆಕೆಂಡುಗಳಲ್ಲಿ ತೋಳಿನ ಹಿಡಿತದಿಂದಲೇ ಸೋಲಿಸಿದ್ದನ್ನು ನೋಡಿದವರು ಎಲ್ಲವೂ ವೇಗದಲ್ಲಿದೆ ಎಂದುಕೊಳ್ಳುತ್ತಾರೆ. ಅವರ ವೇಗವಿದ್ದದ್ದು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವುದರಲ್ಲಿ, ಅದೂ 1984ರ ಜೂಡೋ ವಿಶ್ವ ಚಾಂಪಿಯನ್ ಆದ ತಾಯಿಯಿಂದಲೇ ಪಾಠ ಆರಂಭಿಸಿ ವರ್ಷಗಟ್ಟಲೆ ಪಳಗಿದ್ದರ ಫಲ. ನಿಮ್ಮ ಅಭ್ಯಾಸಕ್ಕೆ ನಾನು ಸೂಚಿಸುವುದು ಇಷ್ಟು: ಕೆಲವು ವಾರ ಕೈಗಳನ್ನೇ ಬಳಸದೆ, ಮಂಡಿ ಮತ್ತು ಹಿಮ್ಮಡಿಗಳಿಂದ ಮಾತ್ರ ಜೊತೆಗಾರನ ತೋಳನ್ನು ಹಿಡಿದಿಡಿ, ಅವನು ಮೊದಲು ಅರ್ಧ ಬಲದಿಂದ, ಆಮೇಲೆ ಪೂರ್ತಿ ಬಲದಿಂದ ಬಿಡಿಸಿಕೊಳ್ಳಲು ನೋಡಲಿ. ತೋಳು ಜಾರಿದ ಪ್ರತಿಸಲವೂ ಮೊದಲು ಸಡಿಲವಾದದ್ದು ಮಂಡಿಯೋ, ಪೃಷ್ಠವೋ, ಮುಖದ ಮೇಲಿನ ಕಾಲೋ ಎಂದು ಅವನನ್ನೇ ಕೇಳಿ. ಕೆಳಗಿದ್ದವನಿಗೆ ಅದು ನಿಮಗಿಂತ ಚೆನ್ನಾಗಿ ತಿಳಿದಿರುತ್ತದೆ. ಸೊಂಟವನ್ನು ಎತ್ತುವ ಕೊನೆಯ ಹಂತವನ್ನು ಮಾತ್ರ, ಅವನ ಕೈ ಟ್ಯಾಪ್ ಮಾಡಲು ಬಿಡುವಾಗಿದೆ ಎಂದು ಖಚಿತಪಡಿಸಿಕೊಂಡು, ಯಾವಾಗಲೂ ನಿಧಾನವಾಗಿಯೇ ಮಾಡಿ.