ಟ್ಯೂಬ್ ತೆಗೆದ ಮೇಲೆ ಶುರುವಾದ ಉಸಿರಿನ ಶಬ್ದ: ಮೊದಲು ಗಂಟಲು ನೋಡಿಸಿ

ನಿಮ್ಮ ತಂದೆಗೆ ಬಂದಿರುವುದು ಆಸ್ತಮಾನಾ ಎಂದು ಕೇಳಿದ್ದೀರಿ. ಆಸ್ತಮಾಗಿಂತ, ವೆಂಟಿಲೇಟರ್‌ಗಾಗಿ ಗಂಟಲಿಗೆ ಹಾಕಿದ್ದ ಉಸಿರಾಟದ ಟ್ಯೂಬ್ ಒತ್ತಿದ ಜಾಗದಲ್ಲಿ ಗಾಯ ಮಾಯುವಾಗ ಗಟ್ಟಿ ಕಲೆ ಬೆಳೆದು ದಾರಿ ಕಿರಿದಾಗಿರುವ ಸಾಧ್ಯತೆಯೇ ಜಾಸ್ತಿ. ವೆಂಟಿಲೇಟರ್‌ನಿಂದ ಹೊರಬಂದ ಆರು ವಾರಕ್ಕೆ ದನಿ ಒಡೆದಿದೆ, ಉಸಿರು ಒಳಗೆಳೆಯುವಾಗ ಶಬ್ದ ಬರುತ್ತದೆ, ಇನ್‌ಹೇಲರ್ ಕೆಲಸ ಮಾಡ್ತಿಲ್ಲ ಅಂದಿದ್ದೀರಲ್ಲ, ಅದಕ್ಕೇ ಹೇಳಿದ್ದು. ಆಸ್ತಮಾದಲ್ಲಿ ಶಬ್ದ ಸಾಮಾನ್ಯವಾಗಿ ಉಸಿರು ಬಿಡುವಾಗ ಬರುತ್ತದೆ. ನಮ್ಮ ಅಮ್ಮನಿಗೂ ಮೊದಲು ಆಸ್ತಮಾ ಎಂದೇ ಔಷಧಿ ಕೊಟ್ಟಿದ್ದರು.

ಸುಮ್ನೆ ಕೂತಾಗಲೂ ಶಬ್ದ ಬಂದರೆ, ಮಾತಾಡಲು ಉಸಿರು ಸಾಲದಿದ್ದರೆ, ಅಥವಾ ತುಟಿ ನೀಲಿಯಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಹೋಗಿ. ಹಾಗಿಲ್ಲದಿದ್ದರೂ ಈ ವಾರವೇ ಇಎನ್‌ಟಿ ವೈದ್ಯರಿಗೆ ತೋರಿಸಿ, ಟ್ಯೂಬ್ ಎಷ್ಟು ದಿನ ಇತ್ತು ಅನ್ನುವುದನ್ನು ನೀವೇ ಮೊದಲು ಹೇಳಿ, ಡಿಸ್ಚಾರ್ಜ್ ಸಾರಾಂಶವನ್ನೂ ಒಯ್ಯಿರಿ. ಮೂಗಿನಿಂದ ತೆಳು ಕ್ಯಾಮೆರಾ ಇಳಿಸಿ ಸ್ವರತಂತುಗಳನ್ನು ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಆದರೆ ಕಲೆ ತಂತುಗಳ ಕೆಳಗಿದ್ದರೆ ಅದರಲ್ಲಿ ಪೂರ್ತಿ ಕಾಣದೇ ಇರಬಹುದು, ಆಗ ಸಿಟಿ ಸ್ಕ್ಯಾನ್ ಬೇಕೇ ಎಂದು ಕೇಳಿ.

ಕಲೆಯೋ, ಬರೀ ಮಾಂಸದ ಗಂಟೋ, ತಂತು ಅಲುಗಾಡುತ್ತಿಲ್ಲವೋ ಎಂಬುದು ನೋಡಿದ ಮೇಲಷ್ಟೇ ಗೊತ್ತಾಗುವುದು, ಚಿಕಿತ್ಸೆಯೂ ಅದರ ಮೇಲೆಯೇ. ಗಂಟು ಹಲವು ಸಲ ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ, ದನಿಯ ತರಬೇತಿಯಿಂದಲೇ ಕರಗುತ್ತದೆ. ಕಲೆಯನ್ನು ಬಲೂನ್ ಅಥವಾ ಲೇಸರ್‌ನಿಂದ ಬಿಡಿಸುತ್ತಾರೆ, ಕೆಲವರಿಗೆ ಮತ್ತೆ ಕಟ್ಟಿಕೊಳ್ಳುತ್ತದೆ, ಹಾಗಾಗಿ ಉಸಿರಿನ ದಾರಿಯ ಶಸ್ತ್ರಚಿಕಿತ್ಸೆಯಲ್ಲಿ ಅನುಭವ ಇರುವವರನ್ನೇ ಹುಡುಕಿ. ಇನ್‌ಹೇಲರ್ ನಿಲ್ಲಿಸುವುದು ಮಾತ್ರ ವೈದ್ಯರನ್ನು ಕೇಳಿದ ಮೇಲೆ.