ಒಂಬತ್ತು ಮನೆಯ ಮೆಶ್‌ಗೆ ಯಾವ ಪ್ರೋಟೋಕಾಲ್? ಮೊದಲು ಲಿಂಕ್ ಅಳೆಯಿರಿ

ಒಂಬತ್ತು ಮನೆ, ನಡುವೆ ತೋಟ. ಮನೆಮನೆಯ ವೈಫೈ ರೂಟರ್‌ಗಳು ಒಂದರಿಂದ ಒಂದಕ್ಕೆ ನೆಟ್ ದಾಟಿಸುವ ಮೆಶ್ ಕಟ್ಟಬೇಕು, ಅದರಲ್ಲಿ ದಾರಿ ಆರಿಸಲು ಒಂದು ಪ್ರೋಟೋಕಾಲ್ ಬೇಕು. ಓಎಲ್‌ಎಸ್‌ಆರ್, ಬ್ಯಾಟ್‌ಮ್ಯಾನ್, ಬೇಬಲ್ ಮೂರರಲ್ಲಿ ಯಾವುದು ಹಾಕಲಿ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಒಂದು ಇಡೀ ಮಳೆಗಾಲ ಕಳೆದಿದ್ದೇನೆ. ಮೂರನ್ನೂ ಹಾಕಿ ನೋಡಿದ್ದೇನೆ.

ನಮ್ಮದು ಸಿದ್ದಾಪುರದ ಕಡೆ ಹಳ್ಳಿ. ಗುಡ್ಡದ ಮೇಲಿನ ಒಂದು ಮನೆಗೆ ಮಾತ್ರ ಫೈಬರ್ ಬಂದಿತ್ತು. ಅಲ್ಲಿಂದ ಕೆಳಗಿನ ಏಳು ಮನೆಗೆ ನೆಟ್ ಕೊಡಬೇಕಿತ್ತು. ಏಪ್ರಿಲ್‌ನಲ್ಲಿ ರೂಟರ್‌ಗಳಿಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಉಚಿತ ತಂತ್ರಾಂಶ ತುಂಬಿ, ಮನೆಮನೆಯ ಮಾಡಿನ ಮೇಲೆ ಪೈಪು ನಿಲ್ಲಿಸಿ ಕಟ್ಟಿದೆವು. 2.4 ಗಿಗಾಹರ್ಟ್ಸ್, ಎಲ್ಲದಕ್ಕೂ ಒಂದೇ ಚಾನೆಲ್, ಓಎಲ್‌ಎಸ್‌ಆರ್. ಪಿಂಗ್ ಮಾಡಿದೆ, ಅಂದರೆ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ನೋಡಿದೆ. ಎಲ್ಲ ಮನೆಯೂ ಸಿಕ್ಕಿತು. ಕೆಲಸ ಮುಗಿಯಿತು ಅಂದುಕೊಂಡೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಕೆಳಮನೆ ಅತ್ತೆಯ ಮಗ ದೂರದೂರಲ್ಲಿ ಕೆಲಸದಲ್ಲಿದ್ದಾನೆ. ಅತ್ತೆಯ ವಾಟ್ಸಾಪ್ ಮೆಸೇಜ್ ಹೋಗುತ್ತಿತ್ತು. ವಿಡಿಯೋ ಕಾಲ್ ಮಾಡಿದರೆ ಮಾತ್ರ ಮಗನ ಮುಖ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. "ತಮಾ, ಮುಖ ಅಲ್ಲಾಡ್ತಿಲ್ಲೆ" ಅಂತ ಅತ್ತೆ ಫೋನ್ ಹಿಡಿದು ನನ್ನ ಮುಂದೆ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ತಪ್ಪು ಪ್ರೋಟೋಕಾಲ್‌ದು ಅಂತ ತೀರ್ಮಾನ ಮಾಡಿದೆ. ಓಎಲ್‌ಎಸ್‌ಆರ್‌ನ ಆರ್‌ಎಫ್‌ಸಿ (ಅದರ ವಿವರಣೆಯ ದಾಖಲೆ) 2003ರದು, ಹಳೆಯದಾಯಿತು ಅನ್ನಿಸಿತು. ಜುಲೈನಲ್ಲಿ ಅದನ್ನು ಕಿತ್ತು ಬ್ಯಾಟ್‌ಮ್ಯಾನ್ ಹಾಕಿದೆ. ಬರ್ಲಿನ್‌ನಲ್ಲಿ ಜನರೇ ಸೇರಿ ವೈಫೈ ಜಾಲ ಕಟ್ಟುವ ಫ್ರೈಫುಂಕ್‌ನವರು ಶುರು ಮಾಡಿದ್ದು, 2011ರಿಂದ ಲಿನಕ್ಸ್ ಕರ್ನಲ್ ಒಳಗೇ ಇದೆ, ಇದಾದರೂ ಸರಿ ಹೋಗಬಹುದು ಅಂತ ಆಸೆ. ಹೋಗಲಿಲ್ಲ. ಆಗಸ್ಟ್‌ನಲ್ಲಿ ಬೇಬಲ್. ಪ್ರತಿ ಸಲವೂ ಜಾರುವ ಮಾಡಿನ ಕೆಳಗೆ ಲ್ಯಾಪ್‌ಟಾಪ್ ಹಿಡಿದು ಮನೆಮನೆ ತಿರುಗಬೇಕು. ಅತ್ತೆಯ ಫೋನಲ್ಲಿ ಮುಖ ಮಾತ್ರ ಅಲ್ಲಾಡಲಿಲ್ಲ.

ಈಗ ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಅದೇ ದಾರಿಯಲ್ಲಿದ್ದೀರಿ ಅನ್ನಿಸುತ್ತಿದೆ.

ಗುಡ್ಡದ ಮನೆಯಿಂದ ಕೆಳಮನೆಗೆ ಎರಡು ದಾರಿ ಇತ್ತು. ಒಂದು, ತೋಟದ ಮೇಲಿಂದ ನೇರ 700 ಮೀಟರ್. ಇನ್ನೊಂದು, ಪಕ್ಕದ ಮನೆಯ ಕೊಟ್ಟಿಗೆ ಮೇಲಿನ ರೂಟರ್ ಮೂಲಕ ಎರಡು ಹಾಪ್, ಅಂದರೆ ಎರಡು ಜಿಗಿತ. ಮೂರೂ ಪ್ರೋಟೋಕಾಲ್ ನೇರ ದಾರಿಯನ್ನೇ ಹಿಡಿದವು. ಯಾಕೆ ಗೊತ್ತಾ? ನಾನು ಹಾಕಿದ ರೀತಿಯಲ್ಲಿ ಮೂರೂ ಲಿಂಕ್ ಅಳೆಯುವುದು ತಾವೇ ಕಳಿಸುವ ಪುಟ್ಟ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ ಹೋಗುವ) ಪ್ಯಾಕೆಟ್‌ಗಳಿಂದ. ಅವು ಹತ್ತರಲ್ಲಿ ಎಷ್ಟು ತಲುಪಿದವು ಅನ್ನುವುದೇ ಲೆಕ್ಕ. 2.4 ಗಿಗಾಹರ್ಟ್ಸ್‌ನಲ್ಲಿ ನಾವೇ ಬದಲಿಸದಿದ್ದರೆ ಬ್ರಾಡ್‌ಕಾಸ್ಟ್ ಹೋಗುವುದು ಅತಿ ಕಡಿಮೆ ವೇಗದಲ್ಲಿ, ಸೆಕೆಂಡಿಗೆ 1 ಮೆಗಾಬಿಟ್. ಆ ವೇಗದಲ್ಲಿ ಪುಟ್ಟ ಪ್ಯಾಕೆಟ್ ಒದ್ದೆ ಸೋಗೆಯ ನಡುವೆಯೂ ನುಸುಳಿಕೊಂಡು ಹೋಗುತ್ತದೆ. ಎರಡೂ ದಿಕ್ಕಿನಲ್ಲಿ ಹತ್ತಕ್ಕೆ ಒಂಬತ್ತು ತಲುಪಿದರೆ ಇಟಿಎಕ್ಸ್, ಅಂದರೆ ಒಂದು ಪ್ಯಾಕೆಟ್ ತಲುಪಿಸಲು ಸರಾಸರಿ ಎಷ್ಟು ಸಲ ಕಳಿಸಬೇಕು ಅನ್ನುವ ಅಂಕಿ, ಸುಮಾರು 1.23. ಕೊಟ್ಟಿಗೆ ದಾರಿಯಲ್ಲಿ ಎರಡೂ ಲಿಂಕ್ ಪೂರ್ತಿ ಚೆನ್ನಾಗಿದ್ದರೂ ಒಂದಕ್ಕೊಂದು ಕೂಡಿ 2. ಕಡಿಮೆ ಇದ್ದದ್ದೇ ಗೆಲ್ಲುತ್ತದೆ, ಅಲ್ವಾ?

ಆದರೆ ವಿಡಿಯೋದ ಪ್ಯಾಕೆಟ್ ದೊಡ್ಡದು, 1500 ಬೈಟ್ ತನಕ ಇರಬಹುದು. ರೇಡಿಯೋ ಅದನ್ನು ಜಾಸ್ತಿ ವೇಗದಲ್ಲಿ ಕಳಿಸಲು ನೋಡುತ್ತದೆ. ಅದು ತಲುಪುವುದಿಲ್ಲ, ಮತ್ತೆ ಕಳಿಸುತ್ತದೆ, ಮತ್ತೆ ಕಳಿಸುತ್ತದೆ. ಎಲ್ಲರದೂ ಒಂದೇ ಚಾನೆಲ್ ಆದ್ದರಿಂದ ಅಷ್ಟು ಹೊತ್ತು ಉಳಿದ ಮನೆಗಳೂ ಕಾಯಬೇಕು. ನನ್ನ ಪಿಂಗ್ ಕೂಡ ಪುಟ್ಟ ಪ್ಯಾಕೆಟ್ಟೇ. ಅದು ಚೆನ್ನಾಗಿದೆ ಅಂದದ್ದನ್ನು ನಾಲ್ಕು ತಿಂಗಳು ನಂಬಿದೆ. ಪ್ರೋಟೋಕಾಲ್ ಬದಲಿಸಿದೆ, ಆದರೆ ಅಳೆಯುವ ಕಣ್ಣು ಅದೇ ಇತ್ತು.

ಸೆಪ್ಟೆಂಬರ್‌ನಲ್ಲಿ, ನಿಜವಾದ ವೇಗ ಅಳೆಯುವ ಐಪರ್ಫ್ ಹಾಕಿ ಒಂದೊಂದೇ ಜೋಡಿಯನ್ನು ಅಳೆದೆ. ನೇರ ಲಿಂಕ್ 1 ಮೆಗಾಬಿಟ್ ಕೂಡ ಇಲ್ಲ. ಕೊಟ್ಟಿಗೆ ಮೂಲಕ 9. ಅಂದೇ ಎಲ್ಲ ರೂಟರ್‌ನಲ್ಲಿ ಮಲ್ಟಿಕಾಸ್ಟ್ ರೇಟ್ (ಬ್ರಾಡ್‌ಕಾಸ್ಟ್ ಹೋಗುವ ವೇಗ) 12000 ಮಾಡಿದೆ. ಅದು ಕಿಲೋಬಿಟ್ ಲೆಕ್ಕ, ಅಂದರೆ 12 ಮೆಗಾಬಿಟ್. ಆ ವೇಗದಲ್ಲಿ ಪುಟ್ಟ ಪ್ಯಾಕೆಟ್ಟೂ ತೋಟ ದಾಟಲಿಲ್ಲ, ನೇರ ಲಿಂಕ್ ಪಟ್ಟಿಯಿಂದಲೇ ಹೋಯಿತು. ದಾರಿ ಕೊಟ್ಟಿಗೆ ಕಡೆ ತಿರುಗಿತು. ಸಂಜೆ ಅತ್ತೆ ಮಗನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂಬತ್ತು ಮನೆಗೆ ಮೂರರಲ್ಲಿ ಯಾವುದಾದರೂ ಸಾಕು. ಎಲ್ಲ ಮನೆಯೂ ಒಂದೇ ನೆಟ್‌ವರ್ಕ್‌ನಲ್ಲಿ ಇದ್ದಂತೆ ಬೇಕಾದರೆ ಬ್ಯಾಟ್‌ಮ್ಯಾನ್, ಮಧ್ಯೆ ಕೇಬಲ್ ಲಿಂಕ್‌ಗಳೂ ಸೇರಿಕೊಂಡರೆ ಬೇಬಲ್. ಯಾರೋ ಎಓಡಿವಿ ಅನ್ನುವ ಇನ್ನೊಂದು ಪ್ರೋಟೋಕಾಲ್ ಹಾಕಿ ಅಂದಿದ್ದಾರೆ ಅಂತ ಬರೆದಿದ್ದೀರಿ, ಬೇಡ. ಅದು ನೋಡ್‌ಗಳು (ಜಾಲದ ರೂಟರ್‌ಗಳು) ಓಡಾಡುವ ಕಡೆಗೆ ಮಾಡಿದ್ದು, ನಿಮ್ಮ ಮನೆಗಳು ನಿಂತಲ್ಲೇ ನಿಂತಿವೆ.

ನಿಮ್ಮಲ್ಲೂ ಉದ್ದದ ಲಿಂಕ್ ಒಂದಿದೆ ಅಂದಿರಿ. ಅದನ್ನು ಮೆಶ್‌ಗೆ ಬಿಡಬೇಡಿ. ಎದುರು ಬದುರು ಕಾಣುವಂತಿದ್ದರೆ 5 ಗಿಗಾಹರ್ಟ್ಸ್‌ನ ಎರಡು ಡಿಶ್ ಹಾಕಿ. ಒಂದೇ ರೇಡಿಯೋದಲ್ಲಿ ಪ್ರತಿ ಹಾಪ್‌ಗೂ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಅದನ್ನು ಯಾವ ಪ್ರೋಟೋಕಾಲೂ ತಪ್ಪಿಸಲಾರದು. 2.4ರಲ್ಲೇ 700 ಮೀಟರ್ ಹೋಗುತ್ತೇನೆ ಅಂದರೆ ನಡುಮಧ್ಯದಲ್ಲಿ ಆ ನೇರ ಗೆರೆಯ ಸುತ್ತ 4.6 ಮೀಟರ್‌ನಷ್ಟು ಜಾಗ ಆದಷ್ಟು ಖಾಲಿ ಇರಬೇಕು. ಅಡಿಕೆ ತೋಟದಲ್ಲಿ ಅದು ಎಲ್ಲಿ ಸಿಗುತ್ತದೆ ಹೇಳಿ.

ಜೋರು ಮಳೆ ಬಂದ ದಿನವೇ ಐಪರ್ಫ್ ಓಡಿಸಿ, ಪ್ರತಿ ಜೋಡಿಯನ್ನೂ ಎರಡೂ ದಿಕ್ಕಿನಲ್ಲಿ ಅಳೆಯಿರಿ. ಬಂದ ಅಂಕಿಗಳನ್ನು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.